ಸೇರಿಗೊಂದು ಕೈ

ಮಾರ್ಚ್ ೪, ೧೯೭೭

ಈ ಡೈರಿಯನ್ನು ತಮ್ಮ ಬುಡನಸಾಬ ಹುಬ್ಬಳ್ಳಿಯ ಅರಳೆ ಗಿರಣಿಯಿಂದ ತಂದಿದ್ದ. ಎರಡು ತಿಂಗಳಿಂದ ಗೂಟಕ್ಕೆ ತೂಗುಬಿದ್ದಿತ್ತು. ಅವನಿಗೆ ಎರಡು ಸಾಲು ಓದಿದರೆ ಆಕಳಿಕೆ ಬರುತ್ತದೆ. ಅವನ ಹೆಂಡತಿ ಮೌಲಾಬಿಗೂ ನಮ್ಮ ಅವ್ವನಿಗೂ ಅಕ್ಷರ ಬರುವುದಿಲ್ಲ. ಯರಗುಪ್ಪಿಯ ಸಾಲೆಯಲ್ಲಿ ಏಳನೆಯ ಇಯತ್ತೆ ಪಾಸಾದವಳು ಈ ಮನೆಯಲ್ಲಿ ನಾನೊಬ್ಬಳೇ. ಆದ್ದರಿಂದ ಇದರಲ್ಲಿ ಯಾರನ್ನು ಬೇಕಾದರೂ ಬೈಯಬಹುದು.

ಇವತ್ತು ಎರಡು ಸಂಗತಿ ನಡೆದವು. ಬ್ಯಾಡಗಿಯಿಂದ ವರ್ಷದ ಮೆಣಸಿನಕಾಯಿ ಬಂತು, ಮತ್ತು ನನ್ನ ಮದುವೆ ಗೊತ್ತಾಯಿತು. ಮನೆಯವರೆಲ್ಲ ಮೆಣಸಿನಕಾಯಿಯನ್ನೇ ಹೆಚ್ಚು ಹೊತ್ತು ತಿರುವಿ ನೋಡಿದರು.

ವರ ಕಲಘಟಗಿಯ ದರ್ಜಿ ಹಸನಸಾಬ. ಹೆಂಡತಿ ತೀರಿ ಎರಡು ವರ್ಷವಾಯಿತಂತೆ, ಒಬ್ಬ ಮಗಳಿದ್ದಾಳಂತೆ. ನನ್ನ ಗಂಡ ತೀರಿ ಐದು ವರ್ಷ. ಎರಡೂ ಕಡೆ ಸರಿಸಮ ಎಂದು ತಮ್ಮ ಹೇಳಿದ, ಎತ್ತಿನ ಜೋಡಿ ಹೊಂದಿಸಿದವನ ಹಾಗೆ. ಜೂನ್ ಐದಕ್ಕೆ ನಿಕಾ. ಬೇಡವೆನ್ನಲು ನನಗೆ ಕಾರಣವಿಲ್ಲ. ಈ ಮನೆ ಬಿಡುವ ಮೊದಲು ನನಗೊಂದೇ ಬೇಕು. ಅವ್ವ ತನ್ನ ಬಾಯಿಂದ ನನಗೆ ಮಸಾಲೆ ಖಾರದ ಅಳತೆ ಹೇಳಬೇಕು.

ಮಾರ್ಚ್ ೭

ಕೇಳಿದೆ. ಕೇಳಬಾರದಿತ್ತು.

ಅವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಮಗ್ಗುಲಲ್ಲಿ ಕೂತು, “ಅವ್ವಾ, ಈ ಸಲ ಕಲಸೂ ಮುಂದ ನಾನೂ ಒಳಗ ಕೂಡ್ತೀನಿ,” ಎಂದೆ.

“ನೀ ಯಾಕ? ಹಸನ ಮಾಡೂದು, ಬಿಸಲಿಗೆ ಹಾಕೂದು, ತುಂಬಿ ಇಡೂದು ಎಲ್ಲಾ ನಿನಗ ಬಿಟ್ಟೇನಲ್ಲಾ. ಸಾಲದೇನು?”

“ತುಂಬಿ ಇಡಾಕ ನಾನು, ಕಲಸಾಕ ಮಾತ್ರ ಮೌಲಾಬಿ?”

“ಆಕಿ ಸೊಸಿ. ನಮ್ಮತ್ತಿ ನನಗ ಹೇಳಿದ್ಲು, ಸ್ವಂತ ಮಗಳಿಗೆ ಹೇಳಲಿಲ್ಲ. ಮಗಳ ಕೈಯಾಗ ಕೊಟ್ರ ಮಂದಿ ಒಲಿಗೆ ಹೊಕ್ಕೈತಿ. ಈ ಮನಿ ರೂಢಿ ನಾ ಮುರ್ಯಾಕಿ ಅಲ್ಲ.”

ಮಾತು ಅಲ್ಲಿಗೆ ಮುಗಿಯಿತು. ಫಾತಿಮಾಬಿಯ ಖಾರ ಎಂದರೆ ಕುಂದಗೋಳದವರೆಗೆ ಹೆಸರು. ವರ್ಷಕ್ಕೊಮ್ಮೆ ಮಾಡುತ್ತಾಳೆ. ಮುಂದಿನ ಬೇಸಿಗೆಯವರೆಗೆ ಸಾರಿಗೆ, ಪಲ್ಯಕ್ಕೆ, ಬಾಡೂಟಕ್ಕೆ ಎಲ್ಲಕ್ಕೂ ಅದೇ. ಊರಲ್ಲಿ ಮದುವೆಯಾದರೆ ಒಂದು ಬಟ್ಟಲು ಬೇಡಿ ಒಯ್ಯುತ್ತಾರೆ. ನಾನು ಅಣ್ಣಿಗೇರಿಗೆ ಸೊಸೆಯಾಗಿ ಹೋದಾಗ ನನ್ನ ಮೊದಲ ಸಾರು ಉಂಡು ಅಲ್ಲಿಯ ಅತ್ತೆ, “ಫಾತಿಮಾಬಿ ಮಗಳಂತ ಮಾಡ್ಕೊಂಡ್ವಿ, ಇದು ಬಿಸಿನೀರು,” ಎಂದಿದ್ದಳು. ತೌರಿನ ಖಾರದ ಅಳತೆ ನನಗೆ ಗೊತ್ತಿಲ್ಲ ಎಂದರೆ ಯಾರೂ ನಂಬಲಿಲ್ಲ. ಕೈಯಲ್ಲಿ ಕಸುವಿಲ್ಲ, ಅದಕ್ಕೆ ನೆವ ಹೇಳುತ್ತಾಳೆ ಅಂದರು. ಮತ್ತೊಂದು ಮನೆಗೆ ಮತ್ತೆ ಬರಿಗೈಯಲ್ಲಿ ಹೋಗಬೇಕು. ಇದನ್ನು ನೆನೆದರೆ ಕೂತಲ್ಲಿ ಕೂರಲಾಗುವುದಿಲ್ಲ.

ಮಾರ್ಚ್ ೧೫

ನಾಲ್ಕು ದಿನದಿಂದ ಅಡುಗೆಮನೆಯ ಮೂಲೆ ಹಸನು ಮಾಡುತ್ತಿದ್ದೇನೆ. ಸಿಟ್ಟು ಬಂದಾಗ ನನಗೆ ಏನಾದರೂ ತಿಕ್ಕಬೇಕು.

ಲವಂಗ, ದಾಲ್ಚಿನ್ನಿ, ಮೆಣಸು, ಯಾಲಕ್ಕಿ, ಕಲ್ಲುಹೂವು, ಜೀರಿಗೆ, ಈ ಆರೂ ಇರುತ್ತಿದ್ದದ್ದು ಅಜ್ಜಿಯ ಕಾಲದ ಮಣ್ಣಿನ ಕುಡಿಕೆಗಳಲ್ಲಿ. ಹವೀಜ, ಅಂದರೆ ಕೊತ್ತಂಬರಿ ಬೀಜ, ಮಾತ್ರ ಚೀಲದಲ್ಲಿ. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಒಳಗೆ ತೊಳೆಯಲು ಕೈ ಹಾಕಿದರೆ ಗಿಣ್ಣು ತರಚುತ್ತದೆ. ಒಂದರ ಅಂಚು ಒಡೆದಿತ್ತು, ಜೀರಿಗೆಗೆ ಇರುವೆ ಹತ್ತಿತ್ತು. ಕುಬಿಹಾಳದ ಮದುವೆಯೊಂದರಲ್ಲಿ ಖಾಲಿಯಾದ ವನಸ್ಪತಿ ಡಬ್ಬಿಗಳನ್ನು ತಮ್ಮನಿಗೆ ಹೇಳಿ ತರಿಸಿದೆ. ಬೂದಿ ಹಾಕಿ ತಿಕ್ಕಿ, ಕುದಿಯುವ ನೀರು ಹಾಕಿ, ಮೂರು ಬಿಸಿಲು ಕೊಟ್ಟೆ. ಎಲ್ಲ ಒಂದೇ ಎತ್ತರ, ಬಿಗಿಯಾದ ಮುಚ್ಚಳ. ಚೀಟಿ ಅಂಟಿಸಿದರೆ ಓದುವವರಿಲ್ಲವಲ್ಲ, ಅದಕ್ಕೆ ಮುಚ್ಚಳದ ಮೇಲೆ ಹಿಟ್ಟಿನ ಅಂಟು ಹಚ್ಚಿ ಒಂದೊಂದು ಕಾಳು ಕೂರಿಸಿದೆ. ಲವಂಗದ ಡಬ್ಬಿಗೆ ಲವಂಗ, ಮೆಣಸಿನ ಡಬ್ಬಿಗೆ ಮೆಣಸು.

“ಮಣ್ಣಿನ್ಯಾಗ ಇದ್ರ ವಾಸನಿ ಉಳೀತಿತ್ತು,” ಎಂದು ಅವ್ವ ಗೊಣಗಿದಳು. ಮುಚ್ಚಳ ತೆಗೆದು ಮೂಸಿ ನೋಡಿ ಸುಮ್ಮನಾದಳು. ಇರುವೆ ಅವಳಿಗೂ ಸಾಕಾಗಿತ್ತು. ಕುಡಿಕೆಗಳನ್ನು ಹಿತ್ತಲಾಚೆಯ ರಾಮವ್ವ ಬೀಜ ಇಡಲು ಒಯ್ದಳು. ಮೌಲಾಬಿ ಬಂದು ಡಬ್ಬಿಯ ಸಾಲು ನೋಡಿ, “ಅಕ್ಕಾ, ಅಂಗಡಿ ಇಟ್ಟಂಗ ಕಾಣಾಕತ್ತೈತಿ,” ಎಂದು ಚಪ್ಪಾಳೆ ತಟ್ಟಿದಳು. ಹತ್ತೊಂಬತ್ತು ವರ್ಷದವಳು ಒಂಬತ್ತರ ಹುಡುಗಿಯಂತೆ ಆಡುತ್ತಾಳೆ. ಅಳತೆ ಸಿಗುವುದು ಇವಳಿಗೆ.

ಮಾರ್ಚ್ ೧೬

ಸಾಲು ಇನ್ನೊಮ್ಮೆ ಬದಲಿಸಿದೆ. ಲವಂಗ ಮುಂದೆ ಇಟ್ಟೆ. ಮತ್ತೆ ಹಿಂದೆ ಇಟ್ಟೆ.

ಏಪ್ರಿಲ್ ೨

ಇವತ್ತು ಕಲಸಿದರು. ಬಾಗಿಲು ಹಾಕಿಕೊಂಡರು. ನನಗೆ ಮಾಳಿಗೆಯ ಮೇಲೆ ಮೆಣಸಿನಕಾಯಿ ತಿರುವುವ ಕೆಲಸ.

ತಿರುವಲಿಲ್ಲ. ಇಳಿದು ಬಂದು ಬಾಗಿಲ ಮರೆಗೆ ನಿಂತೆ. ಇಪ್ಪತ್ತೆಂಟು ವರ್ಷದ ಹೆಂಗಸು ಸ್ವಂತ ತೌರುಮನೆಯಲ್ಲಿ ಕಳ್ಳಿಯ ಹಾಗೆ ನಿಂತೆ, ನಾಚಿಕೆಯೂ ಆಯಿತು. ಒಳಗಿಂದ ಮೊದಲು ಮೌಲಾಬಿಯ ಸೀನು, ಆಮೇಲೆ ಅವ್ವನ ದನಿ.

“ಸರಿಯಾಗಿ ಕೇಳ್. ಹತ್ತು ಸೇರು ಮೆಣಸಿನಕಾಯಿಗೆ ಐದು ಸೇರು ಹವೀಜ. ಉಳದದ್ದು ಎಲ್ಲಾದ್ರಾಗೂ ಸೇರಿಗೊಂದು ಕೈ. ಲವಂಗ ಸೇರಿಗೊಂದು ಕೈ, ಕಲ್ಲುಹೂ ಸೇರಿಗೊಂದು ಕೈ. ನಮ್ಮತ್ತಿ ಹೇಳಿದ್ದು ಇಷ್ಟ. ಯಾರ ಮುಂದೂ ಬಾಯಿ ಬಿಡಬ್ಯಾಡ.”

“ಇಷ್ಟನ, ಅತ್ತಿ?”

“ಇಷ್ಟ ಅಂದ್ರ ಇಷ್ಟ. ನೋಡು, ಈ ಸಲ ಕೈ ಎಷ್ಟು ತುಂಬಿ ಬರಾಕತ್ತೈತಿ. ಅಲ್ಲಾನ ಬರಕತ್ ಐತಿ.”

ನಾನು ಹಿಂದಕ್ಕೆ ಸರಿದು ಮಾಳಿಗೆ ಹತ್ತಿದೆ. ಇದಕ್ಕೇ ಇಷ್ಟು ವರ್ಷ ಬಾಗಿಲು ಹಾಕಿದರೇ? ಇದಕ್ಕೇ ಅಣ್ಣಿಗೇರಿಯಲ್ಲಿ ನಾನು ಮಾತು ಕೇಳಿದೆನೇ? ಗೊತ್ತಾದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇದು ಅವ್ವ ಕೊಟ್ಟದ್ದಲ್ಲ, ನಾನು ಕದ್ದದ್ದು.

ಏಪ್ರಿಲ್ ೪

ರಾಮವ್ವನೂ ನಾನೂ ಎರಡು ದಿನ ಕುಟ್ಟಿದೆವು. ತೋಳು ಬಿದ್ದುಹೋಗಿವೆ. ಡಬ್ಬಿಗಳನ್ನು ಮತ್ತೆ ಜೋಡಿಸುವಾಗ ನೋಡಿದರೆ ಲವಂಗದ್ದು ತಳ ಕಂಡಿದೆ, ಯಾಲಕ್ಕಿ ಮುಗಿದಿದೆ. ಹಿಂದಿನ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತಿತ್ತು. ಮೌಲಾಬಿ ಚೆಲ್ಲಿರಬೇಕು. ಅವಳ ಕೈಯಲ್ಲಿ ಏನು ನಿಂತೀತು?

ಏಪ್ರಿಲ್ ೧೦

ಹೊಸ ಖಾರದ ಮೊದಲ ಸಾರು. ತಮ್ಮ ಒಂದು ತುತ್ತು ಉಂಡು ನೀರು ಕುಡಿದ. ಎರಡನೆಯ ತುತ್ತು ಉಂಡು ಹೆಂಡತಿಯ ಮುಖ ನೋಡಿದ. ನಾಲಿಗೆ ಮರಗಟ್ಟುವಷ್ಟು ಲವಂಗ, ಕಷಾಯದ ಕಹಿ. ಒಂದು ವರ್ಷದ ಖಾರ ಹಾಳಾಗಿತ್ತು.

ಅವ್ವ ಮಾತ್ರ ಪೂರ್ತಿ ಉಂಡಳು. ತಾಟು ತೊಳೆದಿಟ್ಟು ಬಂದು ನನ್ನ ಹತ್ತಿರ ಕೂತು ತನ್ನ ಬಲಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ಜುಲೇಖಾ, ನನ್ನ ಕೈ ಹೋತೇನ?”



ಏಪ್ರಿಲ್ ೧೪

ಓಣಿಯಲ್ಲಿ ಸುದ್ದಿ ಹಬ್ಬಿದೆ. ಖಾರ ಕೇಳಲು ಬಂದ ಇಬ್ಬರಿಗೆ ಅವ್ವ ಇಲ್ಲ ಎಂದು ಕಳಿಸಿದ್ದೇ ಸಾಕಾಯಿತು. ಮೂವತ್ತು ವರ್ಷ ಕೆಡದ ಖಾರ ಹೊಸ ಸೊಸೆ ಕೈ ಇಟ್ಟ ವರ್ಷವೇ ಕೆಟ್ಟಿತಂತೆ, ಮೌಲಾಬಿಯ ಕೈಗುಣ ಸರಿಯಿಲ್ಲವಂತೆ. ನೀರು ಸೇದುವಲ್ಲಿ ಅವಳು ಕೇಳುವಂತೆಯೇ ಆಡಿಕೊಂಡರು. ತಮ್ಮನೂ ಉಣ್ಣುವಾಗ ಒಂದು ಮಾತು ಎಸೆದ.

ನನಗೆ ಒಳಗೊಳಗೆ ಹಿತವಾಯಿತು. ಯಾರೂ ಓದುವುದಿಲ್ಲವಾದ್ದರಿಂದ ಬರೆದುಬಿಡುತ್ತೇನೆ. ಬಹಳ ಹಿತವಾಯಿತು.

ಏಪ್ರಿಲ್ ೧೭

ಅವ್ವ ಅಡುಗೆಮನೆಗೆ ಬರುವುದನ್ನು ಬಿಟ್ಟಿದ್ದಾಳೆ. ಉಪ್ಪು ಹಾಕಲೂ ನನ್ನನ್ನು ಕರೆಯುತ್ತಾಳೆ.

ಏಪ್ರಿಲ್ ೨೧

ಮೌಲಾಬಿ ಮಧ್ಯಾಹ್ನ ಒಂದು ಕಾರ್ಡು ಹಿಡಿದು ಬಂದಳು. ತೌರಿನಲ್ಲಿರುವ ಅವಳ ಅವ್ವನಿಗೆ ಬರೆದುಕೊಡಬೇಕಂತೆ.

“ಬರಿ ಅಕ್ಕಾ. ನಾ ಆರಾಮ ಅದೀನಿ. ನನ್ನ ಕೈಗುಣ ಚೊಲೋ ಇಲ್ಲಂತ ಎಲ್ಲಾರೂ ಅನ್ನಾಕತ್ತಾರ. ಅತ್ತಿ ಬೈಯೂದಿಲ್ಲ, ಆದ್ರ ನನ್ನ ಮಾರಿ ನೋಡೂದಿಲ್ಲ. ಬಂದು ಕರಕೊಂಡು ಹೋಗ್ರಿ. ಇಷ್ಟ ಬರಿ.”

ಅಳದೆ ಹೇಳಿದಳು. ಅತ್ತಿದ್ದರೆ ಬೈಯಬಹುದಿತ್ತು. ಕಲಸುವಾಗ ಏನಾದರೂ ಚೆಲ್ಲಿದೆಯಾ ಎಂದು ಕೇಳಿದೆ. “ಇಲ್ಲಕ್ಕಾ, ನಾ ಡಬ್ಬಿ ಮುಟ್ಟ ಇಲ್ಲ. ಕೈ ಹಾಕಿದಾಕಿ ಅತ್ತೀನ. ನಾ ಎಣಿಸಿಕೋತ ಕುಂತಿದ್ದೆ,” ಎಂದಳು. ಕಾರ್ಡು ಬರೆದೆ. ನಾನೇ ಟಪಾಲು ಡಬ್ಬಿಗೆ ಹಾಕುತ್ತೇನೆ ಎಂದು ಇಟ್ಟುಕೊಂಡೆ. ಇಲ್ಲೇ, ಈ ಪುಟದ ನಡುವೆ ಇದೆ.

ಏಪ್ರಿಲ್ ೨೪

ಸಾವಕಾಶ ಬರೆಯಬೇಕು.

ಮಜ್ಜಿಗೆ ತರಲು ರಾಮವ್ವನ ಮನೆಗೆ ಹೋಗಿದ್ದೆ. ಅವಳು ನಮ್ಮ ಲವಂಗದ ಕುಡಿಕೆಯಿಂದ ಸೌತೆಬೀಜ ತೆಗೆಯುತ್ತಿದ್ದಳು. ಕೈ ಹಾಕಿದಳು, ಮುಷ್ಟಿ ತುಂಬಿಕೊಂಡಳು, ಎಳೆದರೆ ಬರಲಿಲ್ಲ. ಬೆರಳು ಸಡಿಲ ಮಾಡಿದಳು, ಅರ್ಧಕ್ಕಿಂತ ಹೆಚ್ಚು ಬೀಜ ಒಳಗೇ ಬಿದ್ದಿತು. ಬೆರಳ ತುದಿಯಲ್ಲಿ ಉಳಿದಷ್ಟು ಹೊರಗೆ ಬಂತು.

“ನಿಮ್ಮವ್ವನ ಕುಡಿಕಿ ಭಾಳ ಜಿಪುಣ ಬಿಡವಾ,” ಎಂದು ರಾಮವ್ವ ನಕ್ಕಳು. “ಮುಷ್ಟಿ ಕಟ್ಟಿದ್ರ ಬಿಡವೊಲ್ಲದು.”

ಮಜ್ಜಿಗೆ ಮರೆತು ಮನೆಗೆ ಬಂದೆ. ಲವಂಗದ ಡಬ್ಬಿಯಲ್ಲಿ ಅಕ್ಕಿ ಸುರಿದು ಕೈ ಹಾಕಿದೆ. ಮುಷ್ಟಿ ತುಂಬ ಬಂತು, ಒಂದು ಕಾಳೂ ಒಳಗೆ ಬೀಳಲಿಲ್ಲ.

ಅಜ್ಜಿ ಹೇಳಿದ್ದು ಸೇರಿಗೊಂದು ಕೈ. ಅಳೆದದ್ದು ಕೈಯಲ್ಲ, ಕುಡಿಕೆಯ ಬಾಯಿ. ಎಷ್ಟು ಬಿಡಬೇಕೋ ಅಷ್ಟೇ ಅದು ಬಿಡುತ್ತಿತ್ತು. ನಾನು ಅಗಲ ಬಾಯಿಯ ಡಬ್ಬಿ ತಂದಿಟ್ಟೆ. ಅವ್ವ ಮೂವತ್ತು ವರ್ಷದ ರೂಢಿಯಂತೆ ಸೇರಿಗೊಂದು ಕೈ ಹಾಕಿದಳು, ಬರಕತ್ ಎಂದು ಖುಷಿಪಟ್ಟಳು. ಖಾರ ಕೆಡಿಸಿದವಳು ನಾನು.

ಏಪ್ರಿಲ್ ೨೫

ಯಾರಿಗೂ ಹೇಳಿಲ್ಲ.

ನಿಜವಾದ ಅಳತೆ ಈಗ ಲೋಕದಲ್ಲಿ ನನ್ನೊಬ್ಬಳಿಗೆ ಗೊತ್ತು. ಅವ್ವನಿಗೂ ಗೊತ್ತಿಲ್ಲ. ರಾಮವ್ವನಿಗೆ ಒಂದು ಮಾತು ಹೇಳಿದರೆ ಕುಡಿಕೆ ಕೊಡುತ್ತಾಳೆ. ಕಲಘಟಗಿಗೆ ಒಯ್ದುಬಿಡಬಹುದು. ಬರುವ ಬೇಸಿಗೆಗೆ ಫಾತಿಮಾಬಿಯ ಖಾರ ಎಲ್ಲಿ ಸಿಗುತ್ತದೆ ಎಂದರೆ ದರ್ಜಿಯ ಮನೆಯಲ್ಲಿ ಎನ್ನುತ್ತಾರೆ. ಅಣ್ಣಿಗೇರಿಯವರಿಗೂ ಕೇಳಲಿ.

ಇದನ್ನೇ ಯೋಚಿಸುತ್ತ ಬೆಳಿಗ್ಗೆಯಿಂದ ಮೂರು ಸಲ ಹಿತ್ತಲಿಗೆ ಹೋಗಿ ಬಂದೆ.

ಏಪ್ರಿಲ್ ೨೬

ಮೌಲಾಬಿ ಕೇಳಿದಳು: “ಅಕ್ಕಾ, ಕಾರ್ಡಿಗೆ ಜವಾಬು ಬಂತೇನು?” ಟಪಾಲಿನವನು ಬಂದಿಲ್ಲ ಎಂದೆ.

ಏಪ್ರಿಲ್ ೨೮

ಹೇಳಿಬಿಟ್ಟೆ. ಎಲ್ಲರೂ ಉಣ್ಣಲು ಕೂತಾಗ, ತಮ್ಮನ ಎದುರಿಗೇ.

ಮೊದಲು ರಾಮವ್ವನ ಮನೆಗೆ ಹೋಗಿ ಕುಡಿಕೆಗಳನ್ನು ತಂದೆ. ಆರರಲ್ಲಿ ಎರಡು ಒಡೆದಿದ್ದವು. ನಾಲ್ಕನ್ನು ಅವ್ವನ ಮುಂದಿಟ್ಟು, ಒಂದಕ್ಕೆ ಅಕ್ಕಿ ಹಾಕಿ, ಸೇರಿಗೊಂದು ಕೈ ತೆಗೆ ಎಂದೆ. ಅವಳಿಗೆ ಆ ಮಾತು ನನ್ನ ಬಾಯಲ್ಲಿ ಕೇಳಿ ದಿಗಿಲಾಯಿತು.

“ಯಾರು ಹೇಳಿದ್ರು ನಿನಗ?”

“ಬಾಗಲ ಮರಿಗೆ ನಿಂತು ಕೇಳಿದೆ. ಬೈಯೂದಿದ್ರ ಆಮ್ಯಾಲ ಬೈ. ಈಗ ಕೈ ಹಾಕು.”

ಹಾಕಿದಳು. ಅಷ್ಟೇ ಅಷ್ಟು ಅಕ್ಕಿ ಬಂತು. ಡಬ್ಬಿ ಮುಂದಿಟ್ಟೆ. ಮುಷ್ಟಿ ತುಂಬ ಬಂತು. ಎರಡು ಗುಂಪನ್ನೂ ನೆಲದ ಮೇಲೆ ಅಕ್ಕಪಕ್ಕ ಸರಿಸಿ ನೋಡಿದಳು.

“ನಾ ಸೊಸಿಯಾಗಿ ಬಂದ ವರ್ಷ ನಮ್ಮತ್ತಿ ಕುಂಬಾರನ ಮನಿಗೆ ಕರಕೊಂಡು ಹೋಗಿದ್ಲು,” ಎಂದಳು. “ನನ್ನ ಕೈ ಹಿಡದು ಒಂದೊಂದ ಕುಡಿಕಿಗೆ ಹಾಕಸ್ತಿದ್ಲು. ಬಳಿ ಅಳತಿ ನೋಡಾಕತ್ಯಾಳ ಅನ್ಕೊಂಡಿದ್ದೆ. ಏನೂ ಹೇಳಲಿಲ್ಲ ನಮ್ಮತ್ತಿ. ಬರೇ ಕೈ ಹಾಕಿಸಿದ್ಲು.”

ರಾಮವ್ವನ ಮನೆಯಲ್ಲಿ ಕಂಡದ್ದನ್ನೂ ಕಂಡ ದಿನವನ್ನೂ ಹೇಳಿದೆ. ಅವ್ವ ನನ್ನ ಕಡೆ ತಿರುಗಿದಳು. “ಡಬ್ಬಿ ಹಚ್ಚಿದಾಕಿ ನೀನು. ಹದಿನೆಂಟು ದಿನ ಬೈಸಿಕೊಂಡಾಕಿ ಈ ಹುಡುಗಿ. ನಾಲ್ಕು ದಿನದಿಂದ ಗೊತ್ತಿದ್ದೂ ಸುಮ್ನಿದ್ದೆಲ್ಲಾ, ನಾಚಿಕಿ ಬರಲಿಲ್ಲೇನು?”

ಬಂತು ಎಂದೆ. ಕಾರ್ಡನ್ನು ತೆಗೆದು ಮೌಲಾಬಿಯ ಕೈಗೆ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ, “ಕಳಿಸಿರಲಿಲ್ಲೇನು? ಚೊಲೋ ಆತು ಬಿಡಕ್ಕಾ,” ಎಂದು ಒಲೆಗೆ ಹಾಕಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೇ ೬

ಕೆಟ್ಟ ಖಾರಕ್ಕೆ ಇನ್ನೂ ಹದಿನೈದು ಸೇರು ಮೆಣಸಿನಕಾಯಿ, ಅದಕ್ಕೆ ತಕ್ಕ ಹವೀಜ ಕುಟ್ಟಿ ಬೆರೆಸಿದೆವು, ಹಳೆಯ ರುಚಿ ಬಂತು. ಎರಡೂವರೆ ವರ್ಷಕ್ಕಾಗುವಷ್ಟು ಆಗಿದೆ. ಭರಣಿ ಸಾಲದೆ ಕೊಡಪಾನಕ್ಕೂ ತುಂಬಿದೆ. ನಡುನಡುವೆ ಇಂಗಿನ ಹರಳಿಟ್ಟು, ಬಾಯಿಗೆ ಎರಡು ಪದರ ಅರಿವೆ ಕಟ್ಟಿದ್ದೇನೆ. ಓಣಿಯಲ್ಲಿ ಬಟ್ಟಲು ಬಟ್ಟಲು ಹಂಚಿದೆವು. ಅವ್ವ ತಾನೇ ಹೋಗಿ ಕೊಟ್ಟು, ಕೆಟ್ಟದ್ದು ಸೊಸೆಯ ಕೈಯಿಂದಲ್ಲ, ಮಗಳ ಡಬ್ಬಿಯಿಂದ ಎಂದು ಮನೆಮನೆಗೂ ಹೇಳಿದಳು. ಈಗ ನೀರು ಸೇದುವಲ್ಲಿ ನನ್ನ ಬಗ್ಗೆ ಮಾತು ನಡೆದಿದೆ. ನಡೆಯಲಿ.

ಸಂಜೆ ಮೌಲಾಬಿಗೆ ಕುಡಿಕೆಯಲ್ಲಿ ಕೈ ಹಾಕಿಸಿ ನೋಡಿದೆ. ಅವಳದು ಗುಬ್ಬಿ ಕೈ. ಅಜ್ಜಿಯ ಕುಡಿಕೆಯಿಂದಲೂ ಮುಷ್ಟಿ ಸಲೀಸಾಗಿ ಬರುತ್ತದೆ. “ಹೆಬ್ಬೆರಳು ಮಡಚು, ಮೂರ ಬೆರಳಾಗ ತಗಿ,” ಎಂದು ಹತ್ತು ಸಲ ಮಾಡಿಸಿದೆ. ಹನ್ನೊಂದನೆಯ ಸಲ ಸರಿಯಾಗಿ ಬಂತು. ಅವಳಿಗಿಂತ ನನಗೇ ಹೆಚ್ಚು ಖುಷಿಯಾಯಿತೇನೋ, ಬೆನ್ನಿಗೆ ಒಂದು ಗುದ್ದಿದೆ.

ಮೇ ೧೮

ಹಸನಸಾಬ ಬಂದು ಹೋದ. ಮಾತು ಕಡಿಮೆ. ಮಗಳನ್ನೂ ಕರೆತಂದಿದ್ದ. ಅವಳು ಡಬ್ಬಿಯ ಮುಚ್ಚಳದ ಮೇಲಿನ ಕಾಳುಗಳನ್ನು ಒಂದೊಂದಾಗಿ ಕಿತ್ತು ತಿಂದಳು. ಲವಂಗಕ್ಕೆ ಮುಖ ಕಿವುಚಿ ನನ್ನ ಸೆರಗಿಗೆ ಬಾಯಿ ಒರೆಸಿದಳು.

ಅವ್ವ ನನ್ನ ಜೊತೆ ಎಂದಿನಂತೆ ಮಾತಾಡುತ್ತಾಳೆ, ಆದರೆ ಖಾರದ ಮಾತು ತೆಗೆಯುವುದಿಲ್ಲ. ಕದ್ದು ಕೇಳಿದ್ದನ್ನು ಕ್ಷಮಿಸಿದ್ದಾಳೋ ಇಲ್ಲವೋ ತಿಳಿಯದು. ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಕದ್ದದ್ದನ್ನು ಅಲ್ಲಿ ಹೋಗಿ ಬಳಸಬಾರದು ಎಂದುಕೊಂಡಿದ್ದೇನೆ. ಕಲಘಟಗಿಯಲ್ಲಿ ಅಂಗಡಿಯ ಪುಡಿ ಸಿಗುತ್ತದಂತೆ.

ಮೇ ೨೭

ಮೌಲಾಬಿಗೆ ಅವಳ ಕೈಗೆ ಸರಿಯಾದ ಕುಡಿಕೆ ಕೊಡಿಸಬೇಕೆಂದು ಅವ್ವ ಬೆಳಿಗ್ಗೆ ಎದ್ದವಳೇ ಹೊರಟಳು. “ನೀನೂ ಬಾ, ಹೊರಾಕ ಒಬ್ರು ಬೇಕು,” ಎಂದಳು. ಮದುವೆಗೆ ಒಂಬತ್ತು ದಿನ ಇರುವಾಗ ನನ್ನನ್ನು ಕುಂದಗೋಳದ ಬಿಸಿಲಿಗೆ ಗಡಿಗೆ ಹೊರಲು ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಸಿಡುಕುತ್ತ ಹೋದೆ.

ಕುಂಬಾರ ಓಣಿಯ ಮುದುಕ ಅಂಗಳದ ತುಂಬ ಕುಡಿಕೆ ಹರಡಿದ್ದ. ಅವ್ವ ಕುಕ್ಕರಗಾಲಲ್ಲಿ ಕೂತು ಮೌಲಾಬಿಯ ಮಣಿಕಟ್ಟು ಹಿಡಿದು ಒಂದೊಂದರಲ್ಲೂ ಕೈ ಹಾಕಿಸಿದಳು. ಮುಷ್ಟಿ ಕಟ್ಟು, ಎಳಿ, ಬಿಡು. ಸುಲಭವಾಗಿ ಬಂದರೆ ಬೇಡ. ಪೂರ್ತಿ ಸಿಕ್ಕಿಕೊಂಡರೂ ಬೇಡ.

“ಯವ್ವಾ, ಬಡದು ನೋಡ್ತಾರ, ನೀರು ಹಾಕಿ ನೋಡ್ತಾರ,” ಎಂದ ಮುದುಕ. “ಕೈ ಹಾಕಿ ನೋಡೋರನ್ನ ಇವತ್ತ ಕಂಡೆ.”

“ಕಂಡ್ಯಲ್ಲಾ. ಇನ್ನಷ್ಟು ಸಣ್ಣ ಬಾಯೀವು ತಗಿ.”

ಆರು ಸಿಕ್ಕವು. ನಾನು ಹುಲ್ಲು ಹಾಕಿ ಬುಟ್ಟಿಗೆ ಜೋಡಿಸಿದೆ, ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡೆ, ಬಸ್ಸಿಗೆ ಹೊತ್ತಾಯಿತು ಎಂದೆ. ಅವ್ವ ಏಳಲಿಲ್ಲ.

“ಬುಟ್ಟಿ ಇಳಿಸು, ಜುಲೇಖಾ. ಕೈ ತಾ ಇಲ್ಲೆ.”

“ನನಗ್ಯಾಕವ್ವಾ?”

ಅವ್ವ ನನ್ನ ಮಣಿಕಟ್ಟು ಹಿಡಿದು ಜಗ್ಗಿ ಕೂರಿಸಿದಳು. ಒಂದು ಕುಡಿಕೆಯೊಳಗೆ ನನ್ನ ಕೈ ತೂರಿಸಿ, ಮುಷ್ಟಿ ಕಟ್ಟು ಎಂದಳು. ಕಟ್ಟಿದೆ. ಎಳೆ ಎಂದಳು. ಕಣ್ಣು ಮಂಜಾಗಿ ಕುಡಿಕೆಯ ಬಾಯಿ ಕಾಣಲಿಲ್ಲ. ಬಹಳ ಅಗಲ ಆಯಿತು ಎಂದು ಅದನ್ನು ಸರಿಸಿಟ್ಟಳು.

“ಇನ್ನೂ ಬೇಕೇನ್ರಿ?” ಎಂದು ಮುದುಕ ನನ್ನನ್ನೂ ಮೌಲಾಬಿಯನ್ನೂ ನೋಡಿದ. “ಈಕೀನೂ ನಿಮ್ಮ ಸೊಸೀನ?”

“ಅಲ್ಲ. ಮಗಳು,” ಎಂದು ಅವ್ವ ಮುಂದಿನ ಕುಡಿಕೆ ಎತ್ತಿಕೊಂಡಳು.